ಗಾಡೀನೇ ಮೇಲಕ್ಕೆ ಬರ್ಲಿ

ಕನಕಮ್ಮ ಮದುವೆಯಾಗಿ ಬಂಗಾರಪೇಟೆಗೆ ಬಂದ ಹೊಸದರಲ್ಲಿ ಒಂದಿನ ಅತ್ತೆ ಮುನಿಶಾಮಮ್ಮ ಹಿತ್ತಲಿಂದಲೇ ಕೂಗಿದ್ಲು, “ಸಾರು ಉಕ್ತಾ ಐತೆ, ಇಳ್ಸೇ!” ಕನಕಮ್ಮ ಓಡಿ ಹೋಗಿ ಒಲೆಯೊಳಗಿನ ಕೊಳ್ಳಿಗಳನ್ನೆಲ್ಲ ಸರಸರ ಈಚೆಗೆ ಎಳೆದು ಹಾಕಿದ್ಲು. ಅಡುಗೆಮನೆ ತುಂಬ ಹೊಗೆ. ಸಾರಿನ ಮಡಕೆ ಮಾತ್ರ ಒಲೆ ಮೇಲೆ ಕೂತು ಉಕ್ತಾನೇ ಇತ್ತು.

“ಏನೇ ಇದು! ಮಡಕೆ ಇಳ್ಸು ಅಂದ್ರೆ ಮನೆ ಸುಡಾಕೆ ಒಂಟಿದ್ದೀಯಲ್ಲ!”

“ನೀವೇ ಇಳು ಅಂದ್ರಿ ಅತ್ತೆ.”

ಕನಕಮ್ಮನ ತಾಯಿ ಕಾಮಸಮುದ್ರದ ಕಡೆಯೋಳು, ಮುನಿಶಾಮಮ್ಮಂಗೆ ದೂರದ ನೆಂಟಳು. ಆದ್ರೆ ಹುಡುಗಿ ಹುಟ್ಟಿ ಬೆಳೆದಿದ್ದು ಕೋರಮಂಡಲ್‌ನ ಚಿನ್ನದ ಗಣಿ ಲೈನ್ ಮನೆಗಳಲ್ಲಿ, ತಮಿಳರ ಮಧ್ಯೆ. ನಿಧಾನಕ್ಕೆ ಮಾತಾಡಿದ್ರೆ ಕನ್ನಡ ಬರ್ತಿತ್ತು. ಅವಸರ ಬಿದ್ರೆ ತಮಿಳೇ ಮುಂದೆ ನುಗ್ತಿತ್ತು. ಅತ್ತೆಯ ‘ಇಳ್ಸು’ ಅವಳ ಕಿವಿಗೆ ‘ಇಳು’ ಅಂತ ಬಿದ್ದಿತ್ತು, ತಮಿಳಲ್ಲಿ ಹಂಗಂದ್ರೆ ಎಳಿ ಅಂತ. ಅದನ್ನ ಕೇಳಿ ನಾದಿನಿ ಪಾಪಕ್ಕ ಹೊಟ್ಟೆ ಹಿಡ್ಕೊಂಡು ನಕ್ಕಳು. ಮುನಿಶಾಮಮ್ಮ ನಗಲಿಲ್ಲ.

“ನೋಡಮ್ಮ, ಈ ಮನೇಲಿ ಕನ್ನಡ ಆಡು. ತಡೆಯಕ್ಕಾಗಲ್ಲ ಅಂದ್ರೆ ತೆಲುಗು ಆಡು, ಅದು ನಮ್ಮಮ್ಮನ ಮನೆ ಮಾತು. ಅರವ ಮಾತ್ರ ಬ್ಯಾಡ. ನಂಗೆ ಒಂದಕ್ಷರ ಅರ್ತ ಆಗಲ್ಲ, ನನ್ ಮನೇಲೇ ನಾನು ನೆಂಟ್ರು ತರ ಕೂತ್ಕೋಬೇಕಾಗ್ತದೆ.”

ಅವತ್ತಿಂದ ಅರವಕ್ಕೆ, ಅಂದ್ರೆ ತಮಿಳಿಗೆ, ಹೊಸ್ತಿಲು ದಾಟೋ ಪರ್ಮಿಶನ್ ಇರಲಿಲ್ಲ.

ಗಂಡ ಕೋದಂಡಪ್ಪ ಗಣಿಯೊಳಗೆ ಮರ ಕೊಡೋ ಕೆಲಸದಲ್ಲಿದ್ದ. ಮೇಲಿನ ಬಂಡೆ ಕುಸಿಯದಂಗೆ ನೀಲಗಿರಿ ದಿಮ್ಮಿ ನಿಲ್ಲಿಸೋದು. ಬೆಳಗ್ಗೆ ಬುತ್ತಿ ಕ್ಯಾರಿಯರ್ ಹಿಡ್ಕೊಂಡು ರೈಲು ಹತ್ತಿದ್ರೆ ಬರೋದು ಸಂಜೆ. ಅರವತ್ತೊಂದರ ಬೇಸಿಗೇಲಿ ಕೆಳಗೆ ಏರ್‌ಬ್ಲಾಸ್ಟ್ ಆಯ್ತು. ಬಂಡೆ ಸಿಡಿದು ದಾರಿ ಮುಚ್ಕೊಂಡು, ಇವನು ಕತ್ತಲಲ್ಲಿ ಸಿಕ್ಕಾಕ್ಕೊಂಡಿದ್ದು ಮಾರನೇ ದಿನ ಮೇಲೆ ಬಂದ. ಮನೆಗೆ ಬಂದೋನೇ ಕ್ಯಾರಿಯರ್ ತೊಳೆಸಿ ಅಟ್ಟದ ಮೇಲಿಟ್ಟ. ಆಮೇಲೆ ರೈಲು ಹತ್ತಲಿಲ್ಲ. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಅಪ್ಪ ಕೇಳಿದ್ರೆ “ಕಾರು ರಿಪೇರಿ ಮಾಡ್ತೀನಿ, ಕಲ್ತಿದ್ದೀನಲ್ಲ” ಅಂತಿದ್ದ. ಕಲ್ತಿದ್ದಂತೂ ನಿಜ. ರಜಾ ಬಂದ್ರೆ ರಾಬರ್ಟ್‌ಸನ್‌ಪೇಟೆಯ ಒಂದು ಶೆಡ್‌ನಲ್ಲಿ ಗ್ರೀಸು ಮೆತ್ಕೊಂಡೇ ಕೂತಿರ್ತಿದ್ದ.

ಕನಕಮ್ಮ ಮಾತ್ರ ಏನೂ ಕೇಳಲಿಲ್ಲ. ಅವಳ ಅಪ್ಪ ಒಂದಿನ ಗಣಿಗೆ ಇಳಿದೋನು ನಡ್ಕೊಂಡು ಮೇಲೆ ಬಂದಿರಲಿಲ್ಲ, ಹೊತ್ಕೊಂಡು ತಂದಿದ್ರು. “ಇನ್ನು ಹೋಗಬೇಡಿ” ಅಂದಿದ್ಲು. “ಹೋಗಲ್ಲ” ಅಂದಿದ್ದ. ಅಷ್ಟೇ ಮಾತು. ಅವಳಿಗೆ ಅಷ್ಟು ಸಾಕಾಗಿತ್ತು.

ಗಾಡಿಗಳು ಒಂದೊಂದೇ ಬರೋಕೆ ಶುರುವಾದವು. ಕೋದಂಡಪ್ಪ ಮನೆ ಮುಂದೆ ಗೋಣಿತಾಟು ಹಾಸಿ ಕಾರಿನ ಕೆಳಗೆ ತೂರ್ಕೊಂಡು ಕೆಲಸ ಮಾಡೋನು. ಕಾಲೆರಡು ಮಾತ್ರ ರೋಡಿಗೆ ಕಾಣೋವು. ಮಳೆಗಾಲ ಶುರುವಾದ್ಮೇಲೆ ಅದೂ ಕಷ್ಟವಾಯ್ತು. ಎದ್ದು ಬಂದ್ರೆ ಬೆನ್ನೆಲ್ಲ ಕೆಸರು. ಕನಕಮ್ಮಂಗೆ ದಿನಾ ಅಂಗಿ ಕುಕ್ಕಿ ಕುಕ್ಕಿ ಕೈ ಬೊಬ್ಬೆ ಬಂತು.

ಒಂದಿನ ಊಟಕ್ಕೆ ಕೂತಾಗ ಮಾವ ಚಿಕ್ಕವೆಂಕಟಪ್ಪ ಹೇಳಿದ, “ಗುಂಡಿ ತೋಡ್ಲಾ. ಪೇಟೆ ಶೆಡ್‌ಗಳಲ್ಲೆಲ್ಲ ಗುಂಡೀನೇ. ಗಾಡಿ ಮೇಲೆ ನಿಂತಿರ್ತದೆ, ನೀನು ಒಳಗೆ ನಿಂತ್ಕೊಂಡು ರಾಜನಂಗೆ ಕೆಲ್ಸ ಮಾಡು.”

“ಗುಂಡಿ ಬ್ಯಾಡ.”

“ಯಾಕ್ಲಾ ಬ್ಯಾಡ?”

“ನಾನ್ ಕೆಳಗಿಳಿಯಲ್ಲ. ಗಾಡೀನೇ ಮೇಲಕ್ಕೆ ಬರ್ಲಿ.”

ಚಿಕ್ಕವೆಂಕಟಪ್ಪ ಎತ್ತಿದ್ದ ತುತ್ತನ್ನ ಹುರುಳಿ ಸಾರಲ್ಲೇ ಬಿಟ್ಟ. “ಮೇಲಕ್ಕೆ ಬತ್ತದಾ? ಎಂಗೆ, ರೆಕ್ಕೆ ಕಟ್ತೀಯಾ?”

“ನಾಕ್ ಕಂಬ ನೆಡ್ತೀನಿ. ಎರಡು ಅಲಗೆ. ಅಲಗೆ ಮೇಲೆ ಗಾಡಿ ಅತ್ತಿಸಿ, ಉಕ್ಕಿನ ಅಗ್ಗದಲ್ಲಿ ಮೇಲಕ್ಕೆ ಎತ್ತೋದು. ಆದ್ರೆ ಮಳೆ ಬೀಳದಂಗೆ ಮೇಲೆ ಸೂರು ಬೇಕು.” ಆಮೇಲೆ ಮುದ್ದೆ ಕಡೆ ನೋಡ್ತಾ ಮೆಲ್ಲಗೆ ಅಂದ, “ಕೊಟ್ಟಿಗೆಯಾದ್ರೆ ಸರಿಯೋಗ್ತದೆ.”

ಮುನಿಶಾಮಮ್ಮ ಸೌಟು ಹಿಡ್ಕೊಂಡೇ ಎದ್ದು ನಿಂತಳು. “ಅಂಗಾದ್ರೆ ನನ್ ಕೆಂಪಿ?”

ಕೆಂಪಿ ಅಂದ್ರೆ ಅವಳ ಹಸು. ಗಬ್ಬ ಆಗಿತ್ತು, ಹಾಲು ಬತ್ತಿತ್ತು. ತವರಿಂದ ಕರು ಇದ್ದಾಗ ಹೊಡ್ಕೊಂಡು ಬಂದಿದ್ದು.

“ಉಣಿಸೇಮರದ ಕೆಳಗೆ ಕಟ್ಟೋಣ. ಮೇಲೆ ತಡಿಕೆ ಕಟ್ಕೊಡ್ತೀನಿ.”

“ಬಸುರಿ ಅಸೀನ ಬೀದಿಗಾಕಿ ಕಬ್ಬಿಣಕ್ಕೆ ಮನೆ ಕಟ್ತಾನಂತೆ! ಕೇಳಿಸ್ಕೊಂಡ್ಯಾ?” ಅಂತ ಗಂಡನ ಕಡೆ ತಿರುಗಿದಳು.

ಚಿಕ್ಕವೆಂಕಟಪ್ಪ ಕೈ ತೊಳ್ಕೊಂಡು ಬಂದು ತೀರ್ಮಾನ ಕೊಟ್ಟ. ಅವನಾಗಲೇ ಸ್ಟೇಷನ್‌ನಲ್ಲಿ ಪೆರುಮಾಳ್ ಮೇಸ್ತ್ರೀನ ಕಂಡು ಮಾತಾಡಿದ್ದ. ಕೋದಂಡಪ್ಪ ಇದ್ದ ಗ್ಯಾಂಗಿನ ಮೇಸ್ತ್ರಿ ಅವನೇ. ಮಗ ವಾಪಸ್ ಬಂದ್ರೆ ಸೇರಿಸ್ಕೊಳ್ತೀನಿ, ಜಾಸ್ತಿ ದಿನ ಕಾಯಕ್ಕಾಗಲ್ಲ ಅಂದಿದ್ದ.

“ಅಸ ಈಯೋದ್ರೊಳಗೆ ನಿನ್ ಕಂಬ ಒಂದ್ ಗಾಡಿ ಎತ್ತಿ ತೋರ್ಸಿದ್ರೆ ಸರಿ. ಇಲ್ಲಾಂದ್ರೆ ಕೊಟ್ಟಿಗೆ ಅಸೀಗೆ, ನೀನು ಗಣಿಗೆ.”

“ಆಗ್ಲಿ” ಅಂದ ಕೋದಂಡಪ್ಪ. ಕನಕಮ್ಮ ಅವನಿಗೆ ಇಕ್ಕೋಕೆ ತಂದಿದ್ದ ಮುದ್ದೇನ ವಾಪಸ್ ಒಳಕ್ಕೆ ತಗೊಂಡು ಹೋದಳು.

ಅಲ್ಲಿಂದ ಮನೇಲಿ ಯಾರೂ ಒಂದು ಕಡೆ ಕೂರಲಿಲ್ಲ. ಗಣಿಯೋರು ಹರಾಜು ಹಾಕಿದ ಹಳೇ ದಿಮ್ಮಿ, ಬಳಸಿ ಬಿಟ್ಟ ಉಕ್ಕಿನ ಹಗ್ಗ ಬಂತು. ತಂದಿದ್ದು ಚಿಕ್ಕವೆಂಕಟಪ್ಪನ ಎತ್ತಿನ ಗಾಡೀಲೇ, ದಾರಿಯುದ್ದಕ್ಕೂ ಬೈತಾ ಬೈತಾ ತಂದ. ಬೂದಿಕೋಟೆಯಲ್ಲಿ ಮುರಿದು ಬಿದ್ದಿದ್ದ ಕಬ್ಬಿನ ಗಾಣದಿಂದ ಹಲ್ಲುಚಕ್ರಗಳು ಬಂದವು. ಬಾವಿಯ ಗಡಗಡೆಗಳು ಕಂಬದ ತಲೆಗೆ ಏರಿದವು. ಹಗ್ಗಗಳೆಲ್ಲ ಗಡಗಡೆ ಮೇಲೆ ಹಾದು ಹಿಂದುಗಡೆ ಒಂದು ದಪ್ಪ ಉರುಳೆಗೆ ಸುತ್ಕೊಳ್ಳೋವು. ಉರುಳೆಯ ಎರಡು ತುದೀಲೂ ಕೈಹಿಡಿ. ಅದು ಹಿಂದಕ್ಕೆ ತಿರುಗದಂಗೆ ಹಲ್ಲಿಗೆ ಕಚ್ಚೋ ಒಂದು ಕಬ್ಬಿಣದ ತುಂಡು. ಕಚ್ಚಿ ಹಿಡಿಯುತ್ತಲ್ಲ, ಅದಕ್ಕೆ ಕೋದಂಡಪ್ಪ ‘ನಾಯಿ’ ಅಂತಿದ್ದ. ನಾಯಿಗೆ ಒಂದು ದಾರ. ದಾರ ಎಳೆದ್ರೆ ನಾಯಿ ಬಾಯಿ ಬಿಡ್ತಿತ್ತು, ಹಲಗೆ ಕೆಳಗೆ ಬರ್ತಿತ್ತು.

ನಾಲ್ಕು ಹಗ್ಗಕ್ಕೆ ಹಲಗೆ ತೂಗ್ತಾ ಇದ್ದಿದ್ದು ನೋಡಿ ಪಾಪಕ್ಕ ಅದಕ್ಕೆ ತೊಟ್ಟಿಲು ಅಂತ ಹೆಸರಿಟ್ಟಳು. ಮುನಿಶಾಮಮ್ಮಂಗೆ ಅಷ್ಟು ಸಿಕ್ಕಿದ್ದೇ ಸಾಕಾಯ್ತು.

“ಊ, ತೊಟ್ಲೇ! ಮನೇಲಿ ಕೂಸಿಗೆ ತೊಟ್ಲು ಕಟ್ಟೋ ವಯಸ್ಸಲ್ಲಿ ಗಾಡಿಗೆ ಕಟ್ತಾವ್ರೆ ಗಂಡ ಎಂಡ್ತಿ!”

ಕನಕಮ್ಮ ಕೇಳಿಸದೋಳ ತರ ಗಡಗಡೆಗೆ ಎಣ್ಣೆ ಬಿಡ್ತಾನೇ ಇದ್ದಳು. ಬೆಳಗ್ಗೆ ನೀರು ಸೇದಿ, ಹುಣಿಸೇಮರದ ಕೆಳಗೆ ಸಗಣಿ ಬಾಚಿ, ರಾಗಿ ಬೀಸಿ, ಮುದ್ದೆ ತಿರುವಿ ಮುಗಿದ ಮೇಲೆ ಕೊಟ್ಟಿಗೆ ಕೆಲಸ. ಅಷ್ಟರಲ್ಲಿ ಅತ್ತೆ ಖಾಲಿ ಬಾಟ್ಲಿ ಹಿಡ್ಕೊಂಡು ಬಂದಳು.

“ಅರಳೆಣ್ಣೆ ಎಲ್ಲೇ? ನಿನ್ನೆ ತುಂಬ ಇತ್ತು.”

“ಗಡಗಡೆಗೆ ಹಾಕ್ದೆ ಅತ್ತೆ.”

“ನನ್ ತಲೆಗೆ ಒಂದ್ ತೊಟ್ಟಿಲ್ಲ, ಅದಕ್ಕೆ ಎಣ್ಣೆಸ್ನಾನ! ಸೀಗೇಕಾಯಿನೂ ತಿಕ್ಕಿ ಬಿಡು, ತಲೆ ಒರೆಸಿ ಮಲಗ್ಸು!”

ಪಕ್ಕದ ಮನೆ ನರಸಮ್ಮ ಗೋಡೆ ಮೇಲಿಂದ ಇಣುಕಿ, “ಏನಮ್ಮಾ ಮುನಿಶಾಮಿ, ನೇಣುಗಂಬಾನಾ?” ಅಂದಳು. ಅದಕ್ಕೆ ಮುನಿಶಾಮಮ್ಮ ಚಟ್ಟನೆ, “ಊಂ ಕಣೆ, ಇಣುಕೋರ್ಗೆ” ಅಂದಳು. ಮನೆಯೊಳಗೆ ಎಷ್ಟು ಬೈದ್ರೂ ಹೊರಗಿನೋರ ಬಾಯಿಗೆ ಮಗನ್ನ ಬಿಟ್ಟುಕೊಡೋ ಹೆಂಗಸಲ್ಲ ಅವಳು.

ಕಲ್ಲು ತುಂಬಿದ ಎತ್ತಿನ ಗಾಡೀನ ಎತ್ತಿ ನೋಡಿದ್ರು. ಕಂಬ ಕಿರ್ ಅಂದವು, ಗಾಡಿ ಮಾತ್ರ ಮೇಲಕ್ಕೆ ಬಂತು. ಚಿಕ್ಕವೆಂಕಟಪ್ಪ ಅದರ ಸುತ್ತ ಎರಡು ಸುತ್ತು ಹಾಕಿ ಹೊಲಕ್ಕೆ ಹೋದ. ಆದ್ರೆ ಅವತ್ತು ಊಟಕ್ಕೆ ಇನ್ನೊಂದು ಮುದ್ದೆ ಇಕ್ಕಿಸ್ಕೊಂಡ. ಕನಕಮ್ಮ ಅದನ್ನ ನೋಡಿದಳು.

ಆ ಭಾನುವಾರ ಕದಿರಪ್ಪನ ಟ್ಯಾಕ್ಸಿ ಬಂತು. ಹಳೇ ವ್ಯಾನ್‌ಗಾರ್ಡು ಕಾರು, ಬಂಗಾರಪೇಟೆ ಸ್ಟೇಷನ್‌ನಿಂದ ಗಣಿ ಊರುಗಳಿಗೆ ಜನ ತುಂಬ್ಕೊಂಡು ಹೋಗೋದು. ಹೊಟ್ಟೆ ಕೆಳಗಿಂದ ಆಯಿಲ್ ಸುರೀತಿತ್ತು. ಕದಿರಪ್ಪ ಕಂಬಗಳನ್ನ ಮೇಲೆ ಕೆಳಗೆ ನೋಡಿ, “ಕೋದಂಡ, ಇದು ನನ್ ಅನ್ನ ಕಣಯ್ಯಾ. ಬಿದ್ರೆ ನಿಮ್ ಮನೇಲೇ ಉಣ್ಣಕ್ಕೆ ಕೂತ್ಕೊಳ್ತೀನಿ” ಅಂದ.

ಮಾವ ಬೇಕಂತಲೇ ಹೊಲಕ್ಕೆ ಹೋಗಿದ್ದ. ಕೈಹಿಡಿ ತಿರುಗಿಸೋಕೆ ಒಂದು ಕಡೆ ಕದಿರಪ್ಪ, ಇನ್ನೊಂದು ಕಡೆ ಕನಕಮ್ಮ ಮತ್ತೆ ಪಾಪಕ್ಕ. ನಾಯಿ ದಾರ ಹಿಡಿಯೋಕೆ ಜನ ಇಲ್ಲ.

“ನಾನಿಡೀತೀನಿ ಕೊಡು” ಅಂತ ಮುನಿಶಾಮಮ್ಮ ಮಣೆ ಎಳ್ಕೊಂಡು ಕೂತಳು. “ನನ್ ಕೊಟ್ಟಿಗೇಲಿ ಏನ್ ನಡೀತದೋ ನಾನೇ ನೋಡ್ಬೇಕು.”

ಕೋದಂಡಪ್ಪ ಎಲ್ರಿಗೂ ಪಾಠ ಹೇಳಿದ. “‘ಎತ್ತು’ ಅಂದ್ರೆ ತಿರುಗ್ಸಿ. ‘ನಿಲ್ಸು’ ಅಂದ್ರೆ ನಿಲ್ಸಿ. ‘ಇಳ್ಸು’ ಅಂದಾಗ ಮಾತ್ರ ಅಮ್ಮ ದಾರ ಎಳೀಬೇಕು. ಗಾಡಿ ಮೇಲೆ ಬಂದ್ಮೇಲೆ ಅಲಗೆ ಕೆಳಗೆ ನಾಕ್ ಕಂಬದ ತೂತಿಗೂ ಗೂಟ ಒಡೀತೀನಿ, ಆಮೇಲೆ ಅಗ್ಗ ಬಿಟ್ರೂ ಏನಾಗಲ್ಲ. ಅಲ್ಲೀಗಂಟ ಬೇರೆ ಮಾತು ಬ್ಯಾಡ.”

ಗಾಡಿ ಎದ್ದಿತು. ಕೊಟ್ಟಿಗೆಯ ನೆಲ ಬಿಟ್ಟು, ಮೊಣಕಾಲು ದಾಟಿ, ಎದೆ ಮಟ್ಟಕ್ಕೆ ಬಂತು. ಪಾಪಕ್ಕ “ತೂಗ್ರೀ ತೂಗ್ರೀ” ಅಂತ ನಗ್ತಿದ್ದಳು. ಕೋದಂಡಪ್ಪ ಓಡಾಡ್ಕೊಂಡು ಗೂಟ ಹೊಡೆದ. ಕೊನೇ ಕಂಬ ಗೋಡೆ ಕಡೆಗಿತ್ತು, ಅಲ್ಲಿಗೆ ಹೋಗೋಕೆ ಗಾಡಿ ಕೆಳಗೆ ಬಗ್ಗಿ ತೂರಬೇಕು. ತೂರಿದ. ಕಂಬದ ತೂತಿಗೆ ಹಲಗೆ ಒಂದು ಚೂರು ಅಡ್ಡ. “ಇನ್ ಒಂಚೂರು ಎತ್ತು!” ಅಂತ ಕೂಗಿದ.

ಅಷ್ಟೊತ್ತಿಗೆ ಕದಿರಪ್ಪನ ಕೈ ಸೋತಿತ್ತು. ಅವನ ಕಡೆ ಹಿಡಿ ನಿಂತುಹೋಯ್ತು, ಭಾರವೆಲ್ಲ ಈ ಹೆಣ್ಣುಮಕ್ಕಳ ತೋಳಿಗೆ ಬಂತು. ಕನಕಮ್ಮನ ಕಣ್ಣಿಗೆ ಗಾಡಿ ಕೆಳಗೆ ಗಂಡನ ಬೆನ್ನು ಕಾಣ್ತಿತ್ತು. ಎತ್ತು ಅನ್ನಬೇಕು. ಆ ಮಾತು ಬಾಯಿಗೆ ಬರಲೇ ಇಲ್ಲ.

“ಇಳು! ಅಣ್ಣಾ, ಇಳು! ಇಳು!”

ಕದಿರಪ್ಪಂಗೆ ತಮಿಳು ಬರ್ತಿತ್ತು, ಹಲ್ಲು ಕಚ್ಚಿ ಎಳೆದ. ಮುನಿಶಾಮಮ್ಮಂಗೆ ಬರ್ತಿರಲಿಲ್ಲ. ಅವಳು ದಾರ ಎಳೆದಳು.

ನಾಯಿ ಬಾಯಿ ಬಿಟ್ಟಿತು. ಕೈಹಿಡಿಗಳು ಎಲ್ರ ಕೈಯಿಂದ ಕಿತ್ಕೊಂಡು ಗಿರ್ರನೆ ತಿರುಗಿದವು. ಮೂರು ಮೂಲೆ ಗೂಟದ ಮೇಲೆ ನಿಂತವು, ನಾಲ್ಕನೇ ಮೂಲೆ ಧಡ್ ಅಂತ ನೆಲಕ್ಕೆ ಬಿತ್ತು. ಗಾಡಿ ವಾಲ್ಕೊಂಡು ಮಡ್ಗಾರ್ಡು ಕಂಬಕ್ಕೆ ಒತ್ತಿ ಸೊಟ್ಟಗಾಯ್ತು. ಧೂಳು ಇಳಿದಾಗ ಕೋದಂಡಪ್ಪ ಗೋಡೆಗೆ ಅಂಟ್ಕೊಂಡು ಕೂತಿದ್ದ. ಅಂಗಿಯ ತುದಿ ಹಲಗೆ ಕೆಳಗೆ ಸಿಕ್ಕಿತ್ತು. ಎಳೆದ್ರೂ ಬರಲಿಲ್ಲ. ಅಂಗಿ ಅಲ್ಲೇ ಬಿಚ್ಚಿಟ್ಟು, ಬರಿಮೈಯಲ್ಲಿ ತೆವಳ್ಕೊಂಡು ಈಚೆ ಬಂದ.

“ನೀನೇ ಇಳ್ಸು ಅಂದೆ!” ಮುನಿಶಾಮಮ್ಮ ದಾರ ಬಿಸಾಕಿ ಎದ್ದಳು. “ನನ್ ಮಗನ್ನ ನನ್ ಕೈಯಿಂದ್ಲೇ ಕೊಲ್ಸೋಕೆ ಒಂಟಿದ್ಯಲ್ಲೇ!”

“ನಾನು ಇಳು ಅಂದೆ ಅತ್ತೆ. ಎಳೀರಿ ಅಂತ.”

“ಈ ಮನೇಲಿ ಅರವ ಬ್ಯಾಡ ಅಂತ ಬಂದ ಒಸದ್ರಲ್ಲೇ ಏಳಿರ್ಲಿಲ್ವಾ? ಏಳಿರ್ಲಿಲ್ವಾ?”

ಹೇಳಿದ್ದೇನೋ ನಿಜ.

ಕದಿರಪ್ಪ ಸೊಟ್ಟ ಮಡ್ಗಾರ್ಡು ಸವರ್ತಾ, ಊಟಕ್ಕೆ ಕೂರ್ತೀನಿ ಅಂದಿದ್ದ ತಮಾಷೆ ಮರೆತು, ಗಾಡೀನ ತಳ್ಳಿಸ್ಕೊಂಡು ಹೋದ. ಸಂಜೆ ಚಿಕ್ಕವೆಂಕಟಪ್ಪ ಬಂದು ವಿಷಯ ಕೇಳಿ ಹಲಗೆಗಳನ್ನ ಕಿತ್ತು ಗೋಡೆಗೆ ಒರಗಿಸಿಟ್ಟ. ಮಗನ ಮೇಲೆ ರೇಗಲಿಲ್ಲ. ರೇಗಿದ್ರೆ ಚೆನ್ನಾಗಿತ್ತು.

ಎರಡು ದಿನ ಬಿಟ್ಟು ಕೋದಂಡಪ್ಪ ತಾನೇ ಏಣಿ ಹಾಕಿ ಅಟ್ಟದಿಂದ ಬುತ್ತಿ ಕ್ಯಾರಿಯರ್ ತೆಗೆದ. “ಮೇಸ್ತ್ರೀಗೆ ಏಳಪ್ಪಾ, ಬತ್ತೀನಿ ಅಂತ.”

ಪೆರುಮಾಳ್ ಮುಂದಿನ ಸೋಮವಾರ ಬಂದು ಕರ್ಕೊಂಡು ಹೋಗ್ತೀನಿ ಅಂತ ಹೇಳಿ ಕಳಿಸಿದ.

ಕ್ಯಾರಿಯರ್ ಅಡುಗೆಮನೆ ಮೂಲೇಲಿ ಧೂಳು ಹಿಡ್ಕೊಂಡು ಕೂತಿತ್ತು. ಮನೆ ಪಾತ್ರೆ ಪೂರ್ತಿ ಉಜ್ಜೋ ಕನಕಮ್ಮ ಅದೊಂದನ್ನ ಮುಟ್ಟಲಿಲ್ಲ. ಬಾಯೂ ಬಿಡಲಿಲ್ಲ. ಕನ್ನಡ ಬೇಡ, ತಮಿಳೂ ಬೇಡ, ಏನೂ ಬೇಡ. ಅತ್ತೆಯೂ ಅವಳ ಹತ್ರ ಮಾತು ಬಿಟ್ಟಳು. ಮಧ್ಯೆ ಸಿಕ್ಕಿ ಸತ್ತೋಳು ಪಾಪಕ್ಕ.

“ಅತ್ತಿಗೆ, ಉಪ್ಪು ಎಲ್ಲಿ ಅಂತ ಅಮ್ಮ ಕೇಳ್ತಾವ್ಳೆ.”

ಕನಕಮ್ಮ ಬೆರಳು ತೋರಿಸಿದಳು.

“ಅಮ್ಮಾ, ಉಪ್ಪು ಅತ್ತಿಗೆ ಬೆರಳು ತೋರ್ಸಿದ ಕಡೆ ಐತಂತೆ. ನನ್ನೇನು ಪೋಸ್ಟ್‌ಮ್ಯಾನ್ ಮಾಡ್ಕೊಂಡಿದ್ದೀರಾ ಇಬ್ರೂ?”

ಒಂದು ಸಲ ಮಾತ್ರ ಕನಕಮ್ಮ ಗಂಡನ ಹತ್ರ ಬಾಯಿ ಬಿಟ್ಟಳು, ಬಟ್ಟೆ ಹಿಂಡೋವಾಗ. “ಹೋಗಲ್ಲ ಅಂದಿದ್ರಿ.”

“ಇನ್ನೇನ್ ಮಾಡ್ಲಿ ಏಳು. ಅಪ್ಪಂಗೆ ಮಾತು ಕೊಟ್ಟಿದ್ದೀನಿ.”

“ನಂಗೆ ಕೊಟ್ಟಿದ್ದು?”

ಅವನು ಒದ್ದೆ ಬಟ್ಟೆಯ ಇನ್ನೊಂದು ತುದಿ ಹಿಡ್ಕೊಂಡು ಹಿಂಡಿದ, ಹಿಂಡ್ತಾನೇ ಇದ್ದ. ಒಂದು ಹನಿ ನೀರೂ ಉಳಿಯದಷ್ಟು.

ಇತ್ಲಾಗೆ ಚಿಕ್ಕವೆಂಕಟಪ್ಪ ಹಾರೆ ಹಿಡಿದ. ಕೊಟ್ಟಿಗೆಯ ನಡುಮಧ್ಯೆ, ಆ ನಾಲ್ಕು ಕಂಬಗಳ ನಡುವೇನೇ ಗುಂಡಿ ತೋಡೋಕೆ ಶುರು ಮಾಡಿದ. “ರಜಾ ದಿನ ಗಾಡಿ ನೋಡ್ಕೊಳ್ಲಿ, ಬ್ಯಾಡ ಅನ್ನಲ್ಲ. ಎಲ್ಲಾರೂ ಮಾಡ್ದಂಗೆ ಗುಂಡೀಲಿ ನಿಂತು ಮಾಡ್ಲಿ. ಉಳಿದ ದಿನ ಮೇಲೆ ಅಲಗೆ ಮುಚ್ಚಿ ಅಸ ಕಟ್ಟಿದ್ರಾಯ್ತು. ನಾನ್ ಮೊದ್ಲೇ ಏಳ್ದೆ.” ಉದ್ದಕ್ಕೆ, ಕಿರಿದಾಗಿ, ಎದೆಮಟ್ಟ ತೋಡಿದ. ಕೋದಂಡಪ್ಪ ಕೊಟ್ಟಿಗೆ ಕಡೆ ತಲೆ ಹಾಕಲಿಲ್ಲ.

ಭಾನುವಾರ ಮಧ್ಯಾಹ್ನ ಊಟ ಆಗಿ ಎಲೆಅಡಿಕೆ ಹಾಕೋ ಹೊತ್ತಿಗೆ ಮೋಡ ಕವಿದು ಮಳೆ ಹುಯ್ಯೋಕೆ ಶುರುವಾಯ್ತು. ಎಂಥಾ ಮಳೆ ಅಂದ್ರೆ ಹೆಂಚಿನ ಮೇಲೆ ಕಲ್ಲು ಸುರಿದಂಗೆ. ಹುಣಿಸೇಮರದ ಕೆಳಗಿನ ತಡಿಕೆ ಹಾರಿಹೋಯ್ತು. ಕೆಂಪಿಗೆ ಅವತ್ತೇ ನೋವು ಬಂದಿತ್ತು. ಹಗ್ಗ ಕಿತ್ಕೊಂಡು, ಈಯೋಕೆ ತನ್ನ ಹಳೇ ಜಾಗ ಹುಡುಕ್ಕೊಂಡು, ಸೀದಾ ಕೊಟ್ಟಿಗೆಗೆ ನುಗ್ಗಿತು. ಅದರ ಜಾಗದಲ್ಲಿ ಈಗ ಗುಂಡಿ ಇತ್ತು.

ಆ ಕೂಗು ಕೇಳಿ ಎಲ್ರೂ ಓಡಿದ್ರು. ಗುಂಡಿಯ ಎರಡು ಗೋಡೆ ಮಧ್ಯೆ ಕೆಂಪಿ ಹೊಟ್ಟೆ ಸಿಕ್ಕಿಸ್ಕೊಂಡು ಕುಸಿದಿತ್ತು. ಕಣ್ಣು ಮೇಲಕ್ಕೆ. ಅಂಗಳದ ನೀರು ಒಳಕ್ಕೆ ಹರೀತಿತ್ತು.

“ಅಯ್ಯೋ ದೇವುಡಾ!” ಮುನಿಶಾಮಮ್ಮ ಎದೆ ಬಡ್ಕೊಂಡಳು. “ಗುಂಡಿ ತೋಡ್ದೋನೇ, ಬಾರಯ್ಯಾ, ನೋಡು ಬಾರಯ್ಯಾ!”

ಚಿಕ್ಕವೆಂಕಟಪ್ಪ ಕೊಂಬು ಹಿಡಿದು ಎಳೆದ. ಅಲ್ಲಾಡಲಿಲ್ಲ.

“ಕೈಯಲ್ಲಾಗಲ್ಲಪ್ಪಾ” ಅಂದ ಕೋದಂಡಪ್ಪ, ಮೇಲೆ ತೂಗ್ತಿದ್ದ ಹಗ್ಗ ನೋಡ್ತಾ. “ತೊಟ್ಲು ಐತಲ್ಲ. ಪಾಪಕ್ಕಾ, ಗೋಣಿ ತತ್ತಾ! ಬಂಡಿ ಅಗ್ಗ ತತ್ತಾ!”

ಗೋಣಿಗಳನ್ನ ಮಡಿಸಿ ಹಗ್ಗ ಸೇರಿಸಿ ಎರಡು ಜೋಲಿ ಕಟ್ಟಿದ. ಇನ್ನು ಅದನ್ನ ಹಸುವಿನ ಹೊಟ್ಟೆ ಕೆಳಗೆ ತೂರಿಸಬೇಕು. ತೂರಿಸಬೇಕಂದ್ರೆ ಯಾರಾದ್ರೂ ಗುಂಡಿಗೆ ಹೋಗಬೇಕು.

“ಇಳೀಲಾ, ಬೇಗ ಇಳಿ!” ಅಂದಳು ತಾಯಿ.

ಕೋದಂಡಪ್ಪ ಜೋಲಿ ಹಿಡ್ಕೊಂಡು ಅಂಚಿನಲ್ಲಿ ಕೂತು ಒಂದು ಕಾಲು ಒಳಗೆ ಬಿಟ್ಟ. ಪಟ್ಟನೆ ಹಿಂದಕ್ಕೆ ತಗೊಂಡ. ಮತ್ತೆ ಬಿಟ್ಟ. ಕಾಲು ಅವನ ಮಾತು ಕೇಳಲಿಲ್ಲ, ತೊಡೆಯಿಂದ ಪಾದದವರೆಗೆ ಲಟಲಟ ಹೊಡ್ಕೊಳ್ಳೋಕೆ ಹತ್ತಿತು. ಮುನಿಶಾಮಮ್ಮ ಕೂಗೋಕೆ ಅಂತ ತೆಗೆದ ಬಾಯಿ ಹಂ‌ಗೇ ಮುಚ್ಚಿದಳು. ಮಗನ ಕಾಲನ್ನೇ ನೋಡ್ತಾ ನಿಂತುಬಿಟ್ಟಳು.

ಕನಕಮ್ಮ ಸೆರಗು ಬಿಗಿದು ಅವನ ಕೈಯಿಂದ ಜೋಲಿ ಕಿತ್ಕೊಂಡಳು. “ನೀವು ಹೋಗಿ ಕೈಹಿಡಿ ತಗೊಳ್ಳಿ.” ಆ ವಾರದಲ್ಲಿ ಎಲ್ರ ಮುಂದೆ ಅವಳಾಡಿದ ಮೊದಲ ಮಾತು. ಅಷ್ಟು ಹೇಳಿ ಹಸುವಿನ ತಲೆ ಹತ್ರ ಉಳಿದಿದ್ದ ಸಂದೀಲಿ ಜಾರ್ಕೊಂಡು ಗುಂಡಿಗೆ ಹೋದಳು.

ಕೆಸರು ಮಂಡಿಗೆ ಬಂತು. ಹಸುವಿನ ಬಿಸಿ ಉಸಿರು ಮುಖಕ್ಕೆ ಹೊಡೀತಿತ್ತು. ಮುಂಗಾಲ ಹಿಂದೆ ಒಂದು ಜೋಲಿ ತೂರಿಸಿದಳು, ಹೊಟ್ಟೆ ಕೆಳಗೆ ಕೈಯಲ್ಲೇ ಮಣ್ಣು ತೋಡಿ ಇನ್ನೊಂದನ್ನ ತೂರಿಸಿದಳು. ಮೇಲಿಂದ ಚಿಕ್ಕವೆಂಕಟಪ್ಪ ಬಾಗಿ ಜೋಲಿಗಳಿಗೆ ಉಕ್ಕಿನ ಹಗ್ಗದ ಕೊಕ್ಕೆ ಸಿಕ್ಕಿಸಿ, ಓಡಿ ಹೋಗಿ ಒಂದು ಕೈಹಿಡಿ ಹಿಡ್ಕೊಂಡ. ಇನ್ನೊಂದಕ್ಕೆ ಕೋದಂಡಪ್ಪ. ನಾಯಿ ದಾರ ಪಾಪಕ್ಕನ ಕೈಲಿ. ಮಳೆ ಸದ್ದಿಗೆ ಒಬ್ರ ಮಾತು ಒಬ್ರಿಗೆ ಕೇಳಿಸ್ತಿರಲಿಲ್ಲ. ಗುಂಡಿ ಅಂಚಲ್ಲಿ ಮುನಿಶಾಮಮ್ಮ ಮಂಡಿಯೂರಿ ಕೂತಿದ್ದಳು, ಕೆಳಗಿನ ಮಾತು ಮೇಲಕ್ಕೆ ಹೇಳೋಕೆ.

ಹಗ್ಗ ಬಿಗಿಯಾಯ್ತು. ಕಂಬಗಳು ಕಿರುಗುಟ್ಟಿದವು. ಕೆಂಪಿ ಒಂದು ಗೇಣು ಎದ್ದು, ಒದ್ದಾಡಿ, ವಾಲ್ಕೊಂಡು ಕನಕಮ್ಮನ್ನ ಗೋಡೆಗೆ ಒತ್ತಿತು. ಅವಳ ಉಸಿರು ಕಟ್ಟಿತು.

“ಇಳು!” ಅಂತ ಕಿರುಚಿದಳು. “ಇಳು ಅತ್ತೇ, ಇಳು!”

ಹಿಂದಿನಿಂದ ಚಿಕ್ಕವೆಂಕಟಪ್ಪ ಕೂಗಿದ, “ಏನಂತೆ? ಇಳ್ಸೋದಾ?”

ಪಾಪಕ್ಕನ ಕೈ ದಾರದ ಮೇಲಿತ್ತು.

“ಅಲ್ವೋ!” ಮುನಿಶಾಮಮ್ಮನ ಗಂಟಲು ಮಳೆಯನ್ನೂ ಮೀರಿಸ್ತು. “ಇಳು ಅಂದ್ರೆ ಎಳಿ ಅಂತ! ಎಳೀರೋ! ಪಾಪಕ್ಕಾ, ದಾರ ಮುಟ್ಟಿದ್ರೆ ಕೈ ಕಡೀತೀನಿ! ಇಳು! ಇಳು ಕಣ್ಲಾ ಕೋದಂಡ, ಇಳು!”

ಇಳು ಇಳು ಅಂತ ಅತ್ತೆ ಮೇಲಿಂದ, ಸೊಸೆ ಕೆಳಗಿಂದ. ಗೋಡೆ ಮೇಲೆ ನರಸಮ್ಮನ ತಲೆ ಕಾಣಿಸ್ತು. “ಸುಮ್ನೆ ನೋಡ್ಬ್ಯಾಡ್ವೇ, ಬಂದು ಇಳುವೇ!” ಅಂತ ಮುನಿಶಾಮಮ್ಮ ಅವಳಿಗೂ ಗದರಿದಳು. ಅವಳು ಬಂದು ಕೈಹಿಡಿಗೆ ಕೈ ಹಾಕಿದಳು. ಕೆಂಪಿ ಕಾಲು ಜೋತಾಡಿಸ್ಕೊಂಡು, ತೊಟ್ಟಿಲಲ್ಲಿ ಕೂಸು ಎದ್ದಂಗೆ, ಗುಂಡಿಯಿಂದ ಮೇಲಕ್ಕೆ ಬಂತು.

ಅಡ್ಡ ಹಲಗೆ ಹಾಕಿ ಹಸುವನ್ನ ನೆಲಕ್ಕೆ ತಂದ್ಮೇಲೆ ಮುನಿಶಾಮಮ್ಮ ಗುಂಡಿಯೊಳಕ್ಕೆ ಎರಡೂ ಕೈ ಚಾಚಿದಳು. “ಬಾರೇ ನಮ್ಮವ್ವಾ. ಬಾ ಮೇಲಕ್ಕೆ.”

ಸಂಜೆ ದೀಪ ಹಚ್ಚೋ ಹೊತ್ತಿಗೆ ನಡುಮನೆಯಲ್ಲಿ ಕೆಂಪಿ ಈಯಿತು. ಹೆಣ್ಣು ಕರು. ಹಸು ಒಂದು ಮುಂಗಾಲು ಕುಂಟ್ತಿತ್ತು, ಆದ್ರೂ ಎದ್ದು ನಿಂತು ಕರು ನೆಕ್ಕಿತು. ಪಾಪಕ್ಕ ಕರೂಗೆ ‘ಜಾಕಿ’ ಅಂತ ಹೆಸರಿಟ್ಟಳು. ಚಿಕ್ಕವೆಂಕಟಪ್ಪ ತನ್ನ ಚಾಪೆ ಹಾಸೋ ಜಾಗದಲ್ಲಿ ಹಸು ನಿಂತಿರೋದನ್ನ ನೋಡಿ, “ನಾನೆಲ್ಲಿ ಮಲಗ್ಲಿ?” ಅಂದ.

“ಕೊಟ್ಟಿಗೇಲಿ. ನಾಳೆಯಿಂದ ಗಾಡಿ ಕೆಳಗೆ” ಅಂದಳು ಮುನಿಶಾಮಮ್ಮ.

“ನಾಳೆ ಗಾಡಿ ಎಲ್ಲೇ? ನಾಳೆ ಮೇಸ್ತ್ರಿ ಬತ್ತಾನೆ.”

ಮುನಿಶಾಮಮ್ಮ ಎದ್ದು ಹಸುವಿಗೆ ಹುಲ್ಲು ತರೋಕೆ ಹೋದಳು. ಕನಕಮ್ಮ ರಾತ್ರಿಯೆಲ್ಲ ಮೇಸ್ತ್ರಿ ಬರೋದನ್ನೇ ನೆನೆಸ್ಕೊಂಡು ಹೊರಳಾಡಿದಳು.

ಬೆಳಗ್ಗೆ ಅವಳು ಎದ್ದಾಗ ಅಡುಗೆಮನೇಲಿ ಅತ್ತೆ ಆಗಲೇ ಗಿಣ್ಣು ಕಾಯಿಸಿದ್ದಳು. ಬುತ್ತಿ ಕ್ಯಾರಿಯರ್ ಮೂಲೇಲಿ ಇರಲಿಲ್ಲ. ಬೂದಿ ಹಾಕಿ ಉಜ್ಜಿ ಫಳಫಳ ಅನ್ನಿಸಿ ಒಲೆ ಪಕ್ಕ ಇಟ್ಟಿತ್ತು, ಅತ್ತೆ ಅದರೊಳಗೆ ಗಿಣ್ಣು ತುಂಬಿಸ್ತಿದ್ದಳು. ಗಂಡನ್ನ ಗಣಿಗೆ ಕಳಿಸ್ತಾಳೆ ಅಂದ್ಕೊಂಡಳು ಕನಕಮ್ಮ.

ಪೆರುಮಾಳ್ ಮೇಸ್ತ್ರಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ. “ಎನ್ನಮ್ಮಾ, ಕೋದಂಡ ರೆಡಿಯಾ? ರೈಲಿಗೆ ಟೈಮ್ ಆಯ್ತು. ಇವತ್ತೇ ಕೆಳಗೆ ಇಳಿಸ್ಬಿಡ್ತೀನಿ.”

ಕೋದಂಡಪ್ಪ ಅಂಗಿ ಗುಂಡಿ ಹಾಕ್ಕೊಳ್ತಾ ಈಚೆ ಬಂದ.

“ಮೇಸ್ತ್ರಿ” ಅಂದಳು ಮುನಿಶಾಮಮ್ಮ, “ಆ ಮಾತು ಈ ಮನೇಲಿ ಆಡಂಗಿಲ್ಲ.”

“ಯಾವ ಮಾತಮ್ಮಾ?”

“ಈಗಂದ್ಯಲ್ಲ, ಕೆಳಗೆ ಅದೇನೋ ಮಾಡ್ತೀನಿ ಅಂತ, ಅದೇ. ನಾನೂ ಆಡಲ್ಲ. ಒಲೆ ಮೇಲಿನ ಮಡಕೇಗೂ ಆಡಲ್ಲ.” ಕ್ಯಾರಿಯರ್ ತಂದು ಅವನ ಕೈಲಿಟ್ಟಳು. “ಗಿಣ್ಣು. ನಿಮ್ ಮಕ್ಳಿಗೆ ಕೊಡು. ಕ್ಯಾರಿಯರ್ ನೀನೇ ಮಡಿಕ್ಕೋ, ವಾಪಸ್ ತರಬ್ಯಾಡ. ನಮ್ಮನೇಲಿ ಅದ್ರಲ್ಲಿ ಬುತ್ತಿ ಒಯ್ಯೋರು ಯಾರೂ ಇಲ್ಲ.”

ಪೆರುಮಾಳ್ ಚಿಕ್ಕವೆಂಕಟಪ್ಪನ ಮುಖ ನೋಡಿದ. ಚಿಕ್ಕವೆಂಕಟಪ್ಪ ಹೆಂಡ್ತಿ ಮುಖ ನೋಡಿದ, ಆಮೇಲೆ ಹಸು ನೋಡಿದ. ಮೂಲೆಯಲ್ಲಿದ್ದ ಸಲಿಕೆ ತಗೊಂಡು ಕೊಟ್ಟಿಗೆಗೆ ನಡೆದ.

ಪೆರುಮಾಳ್ ಕ್ಯಾರಿಯರ್ ಮುಚ್ಚಳ ತೆಗೆದು ಮೂಸಿ, ನಕ್ಕು, ಚಪ್ಪಲಿ ಮೆಟ್ಕೊಂಡ. ಸ್ಟೇಷನ್ ಕಡೆಯಿಂದ ರೈಲು ಕೂಗ್ತು. ಕೋದಂಡಪ್ಪ ಹಾಕಿದ್ದ ಗುಂಡಿಗಳನ್ನ ಒಂದೊಂದೇ ಬಿಚ್ಚಿ, ಅಂಗಿ ಗೂಟಕ್ಕೆ ಹಾಕಿ, ಹಲಗೆ ಜೋಡಿಸೋಕೆ ಹೋದ. “ಕದಿರಪ್ಪನ ಮಡ್ಗಾರ್ಡು ಮೊದ್ಲು ಬಡಿದು ಸರಿ ಮಾಡ್ಕೊಡ್ಬೇಕು” ಅಂತ ಯಾರಿಗೋ ಹೇಳ್ದಂಗೆ ಹೇಳ್ಕೊಂಡ. ಕನಕಮ್ಮ ಹರಳೆಣ್ಣೆ ಬಾಟ್ಲಿ ಹಿಡ್ಕೊಂಡು ಹಿಂದೆ ಹೋದಳು. ಅತ್ತೆ ಬಾಟ್ಲಿ ನೋಡಿ ದಾರಿ ಬಿಟ್ಟಳು.

ಕೊಟ್ಟಿಗೇಲಿ ಚಿಕ್ಕವೆಂಕಟಪ್ಪ ಸಲಿಕೆ ತುಂಬ ಮಣ್ಣು ಎತ್ಕೊಂಡು ಗುಂಡಿ ಅಂಚಲ್ಲಿ ನಿಂತಿದ್ದ.

“ಏನೇ, ಈ ಮಣ್ಣನ್ನ ಗುಂಡೀಗೆ ಇಳ್...”

ಮುನಿಶಾಮಮ್ಮ ಬಾಗಿಲಲ್ಲಿ ನಿಂತು ದುರುಗುಟ್ಟಿ ನೋಡಿದಳು.

ಅವನು ಬೇರೆ ಮಾತು ಹುಡುಕಿದ.

“ಆಕ್ಲಾ?”

“ಆಕು” ಅಂದಳು. “ತುಂಬ ಆಕು.”